ಫೇಲಾದವರು ಬೇಕಾಗಿದ್ದಾರೆ

ನನಗೆ ಸಿಟ್ಟು ಜಲ್ದಿ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ನಾನು ಸಮಾಜಸೇವೆಗೆ ಇಳಿದದ್ದು ದಯೆಯಿಂದಲ್ಲ, ಸಿಟ್ಟಿನಿಂದ.

ಎಂಬತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಬೆಳಗಾವಿಯಿಂದ ನಾಗಪುರಕ್ಕೆ ಬಂದು ಎಂಟು ವರ್ಷವಾಗಿತ್ತು. ನಮ್ಮವರು ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದರು. ತಿಂಗಳ ಮೊದಲ ಶನಿವಾರ ಮಧ್ಯಾಹ್ನ ನಾವು ಕನ್ನಡದ ಹೆಂಗಸರು ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಏರ್‌ಫೋರ್ಸಿನವರ ಹೆಂಡಂದಿರು, ಬ್ಯಾಂಕಿನವರ ಹೆಂಡಂದಿರು, ನನ್ನಂಥ ಸರ್ಕಾರಿ ಕ್ವಾರ್ಟರ್ಸಿನವರು. ನಾಲ್ಕು ದೇವರನಾಮ ಹಾಡುವುದು, ಚಕ್ಕುಲಿ ತಿನ್ನುವುದು, ಯಾರಿಗೆ ಎಲ್ಲಿಗೆ ವರ್ಗ ಆಯಿತು ಅಂತ ಮಾತಾಡಿ ಎದ್ದುಬರುವುದು. ನಮಗೊಬ್ಬ ಅಧ್ಯಕ್ಷೆ ಇದ್ದರು. ಏರ್‌ಫೋರ್ಸ್ ಅಧಿಕಾರಿಯ ಹೆಂಡತಿ, ಮೈಸೂರಿನವರು. ಇಸ್ತ್ರಿ ಮುರಿಯದ ಸೀರೆ, ರೇಡಿಯೋದಲ್ಲಿ ವಾರ್ತೆ ಓದಿದಂಥ ಕನ್ನಡ, ನಡುನಡುವೆ ಚೆಂದದ ಇಂಗ್ಲಿಷು. ಅವರೆದುರು ನಾನು ಚಹಾ ಕುಡಿಯುವಾಗಲೂ ಸಪ್ಪಳ ಆಗದಂತೆ ನೋಡಿಕೊಳ್ಳುತ್ತಿದ್ದೆ.

ಒಂದು ಶನಿವಾರ ಅವರು ಹೇಳಿದರು: "ನಾವು ಬರೀ ತಿಂದು, ಹಾಡಿ, ಎದ್ದು ಹೋದ್ರೆ ಹೇಗೆ? ಇಲ್ಲಿರೋರೆಲ್ಲ ಗ್ರ್ಯಾಜುಯೇಟ್ಸು. ಸಮಾಜಕ್ಕೆ ನಮ್ಮಿಂದ ಏನಾದ್ರೂ ಆಗ್ಬೇಕಲ್ವಾ?"

"ಬರೀ ತಿಂದು" ಅನ್ನುವಾಗ ಅವರ ಕಣ್ಣು ನನ್ನ ಕೈಯಲ್ಲಿದ್ದ ಎರಡನೆಯ ಚಕ್ಕುಲಿಯ ಮೇಲಿತ್ತು. ನನಗೆ ರೇಗಿತು.

"ನಾ ಮಾಡ್ತೀನ್ರಿ," ಅಂದೆ. "ಏನ್ ಮಾಡಬೇಕು ಹೇಳ್ರಿ."

ಮಾಡಬೇಕಾದದ್ದು ಇಷ್ಟು: ಸದರ್ ಬಜಾರಿನ ಹಿಂದಿನ ಓಣಿಯಲ್ಲಿ ಕಣ್ಣು ಕಾಣದ ಹೆಣ್ಣುಮಕ್ಕಳ ಒಂದು ಹಾಸ್ಟೆಲ್ ಇತ್ತು. ಅಲ್ಲಿಗೆ ಹೋಗಿ ಆ ಹುಡುಗಿಯರಿಗೆ ಅವರ ಪಾಠದ ಪುಸ್ತಕ ಓದಿ ಹೇಳುವುದು. ಮರಾಠಿ ಪುಸ್ತಕ ತಡವರಿಸದೆ ಓದಬಲ್ಲವಳು ನಮ್ಮೊಳಗೆ ನಾನೊಬ್ಬಳೇ, ಬೆಳಗಾವಿಯವಳಲ್ಲವೇ. ಹೀಗಾಗಿ ಬಿ.ಎ. ಕೊನೆಯ ವರ್ಷದ ಹುಡುಗಿ ನನ್ನ ಪಾಲಿಗೆ ಬಂದಳು.

ಹಾಸ್ಟೆಲಿನ ಮೇಲ್ವಿಚಾರಕಿ ಮೊದಲ ದಿನವೇ ನಿಯಮ ಹೇಳಿದರು. ಮಂಗಳವಾರ ಬರುತ್ತೇನೆ ಅಂದರೆ ಮಂಗಳವಾರವೇ ಬರಬೇಕು. ಕೇಳದೆ ಮಿಠಾಯಿ ತರಬಾರದು. ತಲೆ ಸವರಬಾರದು. ಯಾರ ಎದುರಿಗೂ "ಅಯ್ಯೋ ಬಿಚಾರಿ" ಅನ್ನಬಾರದು. ನಾನು ಕೈಯಲ್ಲಿದ್ದ ಬೇಸನ್ ಉಂಡಿ ಡಬ್ಬಿಯನ್ನು ಸೆರಗಿನೊಳಗೆ ಸರಿಸಿಕೊಂಡೆ.

ಹುಡುಗಿಗೆ ಇಪ್ಪತ್ತೆರಡು ವರ್ಷ. ಕಳಮೇಶ್ವರದವಳು, ಅಪ್ಪ ಅಲ್ಲಿಯ ಫ್ಯಾಕ್ಟರಿಯಲ್ಲಿ ಕೆಲಸಗಾರ. ನನ್ನನ್ನು ವಹಿನಿ ಅಂತ ಕರೆದಳು, ನಮ್ಮ ಕಡೆ ಅತ್ತಿಗೆಗೆ ವೈನಿ ಅಂತಾರಲ್ಲ ಹಾಗೆ. ನಮ್ಮ ಮಾತೆಲ್ಲ ಮರಾಠಿಯಲ್ಲೇ. ನಾನು ಮೊದಲ ಪುಟ ಮುಗಿಸಿ ಉಸಿರು ಬಿಡುವುದರೊಳಗೆ ಅವಳು ಕೇಳಿದಳು: "ವಹಿನಿ, ನಿಮಗೆ ಬಸ್ ಹಿಡಿಯೋದು ಇದೆಯಾ?"

"ಇಲ್ಲ, ಯಾಕ?"

"ಹಾಗಾದರೆ ಸಾವಕಾಶ ಓದಿ."

ಹೀಗೆ ಮೊದಲ ದಿನವೇ ನನ್ನನ್ನು ನೆಟ್ಟಗೆ ಮಾಡಿದ ಹುಡುಗಿ ಅದು. ವಾರಕ್ಕೆ ಮೂರು ದಿನ, ಎಂಟು ತಿಂಗಳು ಓದಿದೆ. ಇತಿಹಾಸ, ರಾಜ್ಯಶಾಸ್ತ್ರ, ಮರಾಠಿ ಸಾಹಿತ್ಯ. ನಡುವೆ ಅವಳು ತನ್ನ ಕಥೆ ಹೇಳಿದಳು. ಹಿಂದಿನ ವರ್ಷವೇ ಅವಳ ಬಿ.ಎ. ಆಗಬೇಕಿತ್ತು. ಅವಳು ಹೇಳಿದ್ದನ್ನು ಬರೆಯಲು ಒಬ್ಬಾಕೆ ಒಪ್ಪಿಕೊಂಡಿದ್ದಳು. ಪರೀಕ್ಷೆಯ ದಿನ ಆಕೆ ಬಿ.ಎ. ಪಾಸಾದವಳು ಅಂತ ಗೊತ್ತಾಗಿ ಹೊರಗೆ ಕಳಿಸಿದರು. ನಿಯಮ ಹಾಗಿತ್ತು: ಬರೆದುಕೊಡುವವರು ಪರೀಕ್ಷೆಗೆ ಕೂತವರಿಗಿಂತ ಕಡಿಮೆ ಓದಿರಬೇಕು, ಅದಕ್ಕೆ ದಾಖಲೆಯನ್ನೂ ಕೊಡಬೇಕು. ಇಲ್ಲದಿದ್ದರೆ ಉತ್ತರ ಯಾರದು ಅಂತ ಹೇಗೆ ತಿಳಿಯಬೇಕು? ನಿಯಮ ಬರೋಬರ್ ಇತ್ತು, ಹುಡುಗಿಯ ಒಂದು ವರ್ಷ ಹೋಯಿತು. ಈ ಸಲ ಪಾಸಾದರೆ ಕಣ್ಣು ಕಾಣದ ಮಕ್ಕಳ ಶಾಲೆಯಲ್ಲಿ ಅವಳಿಗೆ ಟೀಚರ್ ಕೆಲಸ ಕಾದಿತ್ತು, ಜೂನ್ ತನಕ ಮಾತ್ರ. ಆಗದಿದ್ದರೆ ಮನೆಗೆ ಬಂದುಬಿಡು ಅಂತ ಅಪ್ಪ ಹೇಳಿದ್ದ. ಮನೆಗೆ ಹೋದರೆ ಮುಗೀತು, ಮೂಲೆಯಲ್ಲಿ ಕೂಡಿಸಿ ಉಣ್ಣಲು ಕೊಡುತ್ತಾರೆ ಅಂತ ಅವಳೇ ಹೇಳುತ್ತಿದ್ದಳು.

ಈ ವರ್ಷ ಬರೆಯಲು ಹನ್ನೊಂದನೇ ಕ್ಲಾಸಿನ ಒಬ್ಬ ಹುಡುಗಿ ಒಪ್ಪಿಕೊಂಡಿದ್ದಳು. ಪರೀಕ್ಷೆಗೆ ಹತ್ತು ದಿನ ಇರುವಾಗ ಅವಳಿಗೆ ಗಣಜಲಿ ಎದ್ದು, ಮೈತುಂಬ ಗುಳ್ಳೆಯಾಗಿ ಹಾಸಿಗೆ ಹಿಡಿದಳು.

ಆ ಶನಿವಾರ ಹೆಂಗಸರ ಸಭೆಯಲ್ಲಿ ನಾನು ಈ ಸುದ್ದಿ ಹೇಳಿದಾಗ ಅಧ್ಯಕ್ಷೆ ಕೈ ಚೆಲ್ಲಿದರು. "ಏನ್ ಮಾಡೋಣ? ನಮ್ಮಲ್ಲಿ ಎಲ್ಲರೂ ಗ್ರ್ಯಾಜುಯೇಟ್ಸೇ ಆಗ್ಬಿಟ್ವಿ!" ಎಲ್ಲರೂ "ಹೌದಲ್ಲ, ಛೆ" ಅಂದರು. ನಾನೂ "ಛೆ" ಅಂದೆ.

ಈಗ ನನ್ನ ಗುಟ್ಟು ಹೇಳಲೇಬೇಕು. ನಾನು ಬಿ.ಎ. ಅಲ್ಲ. ಮೊದಲ ವರ್ಷವೇ ಫೇಲು. ಇತಿಹಾಸದಲ್ಲಿ ನೂರಕ್ಕೆ ಹದಿನಾಲ್ಕು. ಅಷ್ಟರಲ್ಲಿ ಈ ಸಂಬಂಧ ಬಂತು. ಗಂಡಿನ ಕಡೆಯವರಿಗೆ ಓದಿದ ಹುಡುಗಿ ಬೇಕಾಗಿತ್ತು. ನಮ್ಮಪ್ಪ "ಬಿ.ಎ. ಆಗೇತ್ರಿ" ಅಂದುಬಿಟ್ಟರು. ಲಗ್ನಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ಬಿ.ಎ. ಅಂತ ದಪ್ಪ ಅಕ್ಷರದಲ್ಲಿ ಬಂತು. ನಾಗಪುರಕ್ಕೆ ಬಂದರೆ ಬಾಗಿಲಿನ ಹೆಸರಿನ ಪಾಟಿಯ ಮೇಲೆ ನಮ್ಮವರು ಇಬ್ಬರ ಹೆಸರನ್ನೂ ಡಿಗ್ರಿ ಸಮೇತ ಬರೆಸಿಟ್ಟಿದ್ದರು, ಅಷ್ಟು ಹೆಮ್ಮೆ. ಎಂಟು ವರ್ಷ ದಿನಾ ಬೆಳಿಗ್ಗೆ ಆ ಸುಳ್ಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಹೊಳೆಯುವಂತೆ ಇಟ್ಟವಳು ನಾನೇ.

ಅಂದರೆ ಆ ಹುಡುಗಿಗೆ ಬೇಕಾದ, ಮರಾಠಿ ಬರೆಯಬಲ್ಲ, ಬಿ.ಎ. ಆಗದ ಹೆಂಗಸು ಚಕ್ಕುಲಿ ಹಿಡಿದು ಅಲ್ಲೇ ಕೂತಿತ್ತು.

ಎರಡು ದಿನ ನನ್ನಷ್ಟಕ್ಕೆ ನಾನೇ ಕುದ್ದೆ. ರೊಟ್ಟಿ ಬಡಿಯುವ ಸಪ್ಪಳಕ್ಕೆ ಪಕ್ಕದ ಮನೆಯವರು ಬಂದು ಏನಾಯಿತು ಅಂತ ಕೇಳಿದರು. ಮಂಗಳವಾರ ಓದಲು ಹೋದಾಗ ಹುಡುಗಿ ಎಂದಿನ ಹಾಗೆ ಕೂತು, ಪುಸ್ತಕ ತೆಗೆಯಿರಿ ಅಂದಳು. "ಬರಿಯೋವರು ಸಿಗದಿದ್ದರ?" ಅಂತ ನಾನು ಕೇಳಿದೆ. "ಸಿಗದಿದ್ದರೂ ಓದಿದ್ದು ಓದಿದ್ದೇ," ಅಂದಳು. ಆದರೆ ಅವಳ ಬೆರಳು ಓಢಣಿಯ ಅಂಚನ್ನು ಸುತ್ತಿ ಸುತ್ತಿ ಬಿಡುತ್ತಿತ್ತು. ಛೀ, ನಿನ್ನ ಜನ್ಮಕ್ಕಿಷ್ಟು ಅಂತ ನನ್ನನ್ನು ನಾನೇ ಬೈದುಕೊಂಡೆ. "ನಾ ಬರಿತೀನಿ," ಅಂದೆ.

"ನೀವು ಬಿ.ಎ. ಅಲ್ಲವಾ?"

"ಅಲ್ಲ. ಫೇಲು. ಇತಿಹಾಸದಾಗ ಹದಿನಾಲ್ಕು."

ಅವಳು ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. "ವಹಿನಿ, ಎಂಟು ತಿಂಗಳು ನನಗೆ ಇತಿಹಾಸ ಹೇಳಿದವರು ನೀವೇ ಅಲ್ವಾ!"

ಹೇಳಿದ್ದೇನೋ ಹೇಳಿಬಿಟ್ಟೆ, ದಾಖಲೆ ಕೊಡುವುದು ಬೇರೆ ಮಾತು. ಟ್ರಂಕಿನ ತಳದಲ್ಲಿ ಧಾರೆ ಸೀರೆಯ ಕೆಳಗೆ ಆ ಅಂಕಪಟ್ಟಿ ಇತ್ತು, ಹರಿದೊಗೆಯಲು ಧೈರ್ಯ ಆಗಿರಲಿಲ್ಲ. ಪರೀಕ್ಷಾ ಕಚೇರಿಯ ಗುಮಾಸ್ತ ಅದನ್ನು ನೋಡಿ, ಇದರ ಟೈಪ್ ಮಾಡಿದ ಪ್ರತಿ ಬೇಕು, ಅದರ ಮೇಲೆ ಗೆಜೆಟೆಡ್ ಆಫೀಸರ ಸಹಿ, ಶಿಕ್ಕಾ, ಅಂದರೆ ಮೊಹರು, ಬೇಕು ಅಂದ. ಸದರ್‌ನಲ್ಲಿ ಬೇವಿನ ಮರದ ಕೆಳಗೆ ಕೂರುವ ಟೈಪಿಸ್ಟ್ ಹತ್ತಿರ ಹೋದೆ.

"ಬಾಯಿಸಾಹೇಬ, ಫೇಲ್ ಅನ್ನೋದನ್ನೂ ಹೊಡೀಬೇಕಾ?" ಅಂತ ಆತ ದನಿ ತಗ್ಗಿಸಿ ಕೇಳಿದ.

"ಅದನ್ನ ಮೊದಲು ಹೊಡಿ," ಅಂದೆ.

ಇನ್ನು ಗೆಜೆಟೆಡ್ ಆಫೀಸರು. ನನಗೆ ಗೊತ್ತಿದ್ದವರು ಒಬ್ಬರೇ. ನಮ್ಮವರಿಗೆ ಹಿಂದಿನ ವರ್ಷವಷ್ಟೇ ಆ ದರ್ಜೆಗೆ ಬಡ್ತಿ ಸಿಕ್ಕಿತ್ತು. ದಿನಾ ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ವರಾಂಡದಲ್ಲಿ ಹಸಿರು ಶಾಯಿ ಪೆನ್ನು, ಶಿಕ್ಕಾ ಇಟ್ಟುಕೊಂಡು ಕೂರುತ್ತಿದ್ದರು. ಓಣಿಯ ಜನ ಸರ್ಟಿಫಿಕೇಟು ಹಿಡಿದು ಸಾಲು ನಿಲ್ಲುತ್ತಿದ್ದರು. ಅಸಲು ತಂದಿರದಿದ್ದರೆ ಯಾರೇ ಆಗಲಿ, ವಾಪಸು. ತಮ್ಮ ಸಾಹೇಬರು ಕಳಿಸಿದ ಪ್ಯೂನನನ್ನೂ ಹಾಗೇ ವಾಪಸು ಕಳಿಸಿದ ಮನುಷ್ಯ. ಪ್ರತಿ ಅಕ್ಷರದ ಮೇಲೆ ಬೆರಳಿಟ್ಟು ಅಸಲು, ನಕಲು ಹೋಲಿಸಿ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಒಬ್ಬ ನರ್ಸು, ಒಬ್ಬ ಬಸ್ ಕಂಡಕ್ಟರು, ಅವರ ಹಿಂದೆ ನಾನು ನಿಂತೆ.

"ನಿಂದೇನು?" ಅಂದರು, ನಗುತ್ತ.

"ಒಂದು ಅಟೆಸ್ಟೇಷನ್ ಇತ್ತರಿ." ಅಸಲು, ನಕಲು ಎರಡನ್ನೂ ಮೇಜಿನ ಮೇಲಿಟ್ಟೆ.

ಓದತೊಡಗಿದರು. ಮುಖದ ಮೇಲಿನ ನಗು ಎಲ್ಲಿ ಹೋಯಿತೋ. "ಇದು ಯಾರದು?"

"ಹೆಸರು ಐತಲ್ಲರಿ."

ಅವರು ಮತ್ತೆ ಮೊದಲಿನಿಂದ ಓದಿದರು. ನನ್ನ ಕೈಕಾಲು ತಣ್ಣಗಾಗಿದ್ದವು, ಏಪ್ರಿಲ್ ತಿಂಗಳ ನಾಗಪುರದಲ್ಲಿ. ಕಡೆಗೆ ಅವರ ಬಾಯಿಂದ ಬಂದದ್ದು ಇದು: "ಆಫೀಸಿನ ಫಾರ್ಮಿನಾಗ ನನ್ನ ಕೈಯಾರೆ ನಿನ್ನ ಶಿಕ್ಷಣ ಬಿ.ಎ. ಅಂತ ಬರದೀನಲ್ಲ! ಅದು ಸುಳ್ಳು ಮಾಹಿತಿ ಕೊಟ್ಟಂಗ ಆಗಲಿಲ್ಲೇನು?"

ಅಳು ಬರಬೇಕಾಗಿದ್ದ ಜಾಗದಲ್ಲಿ ನನಗೆ ಸಿಟ್ಟು ಬಂತು. "ಎಂಟು ವರ್ಷದ ಸಂಸಾರಕ್ಕಿಂತ ನಿಮಗ ಆ ಫಾರ್ಮ್ ದೊಡ್ಡದಾತೇನ್ರಿ? ಸಹಿ ಮಾಡ್ತೀರೋ ಇಲ್ಲೋ ಹೇಳ್ರಿ. ಒಂದು ಹುಡುಗಿ ಜೀವನದ ಪ್ರಶ್ನೆ ಐತಿ." ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದೆ, ಹುಡುಗಿಯ ಹಿಂದಿನ ವರ್ಷ, ಜೂನಿನ ಗಡುವು, ಅಪ್ಪನ ಮಾತು.

ಅವರು ಬೆರಳಿಟ್ಟು ಹೋಲಿಸತೊಡಗಿದರು. ಇತಿಹಾಸದ ಸಾಲಿಗೆ ಬಂದಾಗ ಬೆರಳು ನಿಂತಿತು. ಟೈಪಿಸ್ಟ್ ಹದಿನಾಲ್ಕನ್ನು ತಿರುವುಮುರುವು ಮಾಡಿ ನಲವತ್ತೊಂದು ಅಂತ ಹೊಡೆದಿದ್ದ. ನಾನದನ್ನು ಮೊದಲೇ ನೋಡಿದ್ದೆ, ನೋಡಿಯೂ ಸುಮ್ಮನಿದ್ದೆ. ನಮ್ಮವರು ಹಸಿರು ಶಾಯಿಯಿಂದ ಅದನ್ನು ಹೊಡೆದುಹಾಕಿ, ಮೇಲೆ ಹದಿನಾಲ್ಕು ಅಂತ ಬರೆದು, ಪಕ್ಕದಲ್ಲಿ ಸಣ್ಣ ಸಹಿ ಮಾಡಿದರು. ಆಮೇಲೆ ಶಿಕ್ಕಾ ಒತ್ತಿ, ಕೆಳಗೆ ದೊಡ್ಡ ಸಹಿ.

"ಇದು ಖರೇ ಪ್ರತಿ," ಅಂದರು. "ಖರೇ ಇದ್ದದ್ದಕ್ಕ ನಾ ಸಹಿ ಮಾಡ್ತೀನಿ." ಎದ್ದು ಒಳಗೆ ಹೋದರು. ತಿಂಡಿ ತಿನ್ನಲಿಲ್ಲ, ಡಬ್ಬಿ ಒಯ್ಯಲಿಲ್ಲ.

ಸಂಜೆ ಬಂದವರು ಬೂಟು ಬಿಚ್ಚುತ್ತ, ಆಫೀಸಿಗೆ ತಿದ್ದುಪಡಿ ಅರ್ಜಿ ಕೊಟ್ಟುಬಂದೆ ಅಂದರು. ನಾನು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದೆ.

"ಮೊದಲ ಹೇಳಬಾರದಾಗಿತ್ತೇನು?"

"ಹೇಳಿದ್ರ ಲಗ್ನ ಮಾಡ್ಕೋತಿದ್ರೇನು?"

ಅವರು ಸ್ವಲ್ಪ ವಿಚಾರ ಮಾಡಿದರು. "ಮೂವತ್ತು ಇದ್ದಿದ್ರ ಮಾಡ್ಕೋತಿದ್ದೆ. ಹದಿನಾಲ್ಕು ಅಂದ್ರ ಭಾಳ ಕಡಿಮಿ ಆತು." ನಾನು ಕೈಯಲ್ಲಿದ್ದ ಟವೆಲ್ಲನ್ನು ಅವರ ಮೇಲೆ ಒಗೆದೆ. ಆಮೇಲೆ ಒಳಗೆ ಹೋಗಿ ಮನಸಾರೆ ಅತ್ತೆ. ಎಂಟು ವರ್ಷದ ಭಾರ ಇಳಿದಿತ್ತು.

ಪರೀಕ್ಷೆಗೆ ಒಂದು ಬೇರೆ ಕೋಣೆ ಕೊಟ್ಟಿದ್ದರು. ಹುಡುಗಿ, ನಾನು, ಒಬ್ಬ ಮೇಲ್ವಿಚಾರಕರು, ಮೂಲೆಯಲ್ಲಿ ಒಂದು ಕೂಲರು. ನಿಯಮ ಓದಿ ಹೇಳಿದರು: ಪ್ರಶ್ನೆ ಓದಿ ಹೇಳಬಹುದು, ಹೇಳಿದ್ದನ್ನಷ್ಟೇ ಬರೆಯಬೇಕು, ಮತ್ತೆ ಒಂದು ಶಬ್ದ ಆಡಕೂಡದು. ನನಗೆ! ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಮೂರು ತಲೆಮಾರು ವಿಚಾರಿಸುವ ನನಗೆ ಮೂರು ತಾಸು ಬಾಯಿ ಮುಚ್ಚಿಕೊಂಡು ಕೂಡುವ ಶಿಕ್ಷೆ.

ಮೊದಲ ಪತ್ರಿಕೆಯೇ ಇತಿಹಾಸ. ಅಂಕಪಟ್ಟಿಯ ಪ್ರಕಾರ ನನಗೆ ಆ ವಿಷಯದಲ್ಲಿ ಏನೂ ಗೊತ್ತಿಲ್ಲ. ಆದರೆ ಎಂಟು ತಿಂಗಳು ಗಟ್ಟಿಯಾಗಿ ಓದಿ ಓದಿ ಆ ಪುಸ್ತಕ ನನಗೆ ಬಾಯಿಪಾಠ ಆಗಿತ್ತು. ಹುಡುಗಿ ಚೆನ್ನಾಗಿ ಹೇಳುತ್ತಿದ್ದಳು. ಮೂರನೆಯ ಪ್ರಶ್ನೆ, ಬ್ರಿಟಿಷರ ಕಾಲದ ಕಂದಾಯ ಪದ್ಧತಿಗಳು. "ರಯತವಾರಿ ಪದ್ಧತಿಯಲ್ಲಿ ಜಮೀನ್ದಾರನು ರೈತರಿಂದ ಕಂದಾಯ ವಸೂಲು ಮಾಡಿ..." ಅಂತ ಹೇಳುತ್ತ ಹೋದಳು. ಜಮೀನ್ದಾರ ಎಲ್ಲಿಂದ ಬಂದ? ರಯತವಾರಿಯಲ್ಲಿ ರೈತನೇ ನೇರ ಸರ್ಕಾರಕ್ಕೆ ಕಟ್ಟುವುದು! ನನ್ನ ನಾಲಿಗೆ ತುದಿಗೆ ಬಂತು, ಹಲ್ಲು ಕಚ್ಚಿ ಹಿಡಿದೆ. ಬಾಯಿ ಸುಮ್ಮನಿತ್ತು, ಕೈ ಮಾತ್ರ ನಿಂತುಬಿಟ್ಟಿತು.

ಹುಡುಗಿ ತಲೆ ಓರೆ ಮಾಡಿದಳು. ಎರಡು ಕ್ಷಣ. "ಅದನ್ನು ಹೊಡೆದುಹಾಕಿ," ಅಂದಳು. ಸರಿಯಾದದ್ದನ್ನು ಹೇಳಿದಳು. ಮೇಲ್ವಿಚಾರಕರು ಏನನ್ನೂ ಗಮನಿಸಲಿಲ್ಲ.

ಹೊರಗೆ ಬಂದಾಗ ಅವಳು ಖುಷಿಯಾಗಿರುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು.

"ವಹಿನಿ, ನಿಮ್ಮ ಪೆನ್ನು ನಿಂತದ್ದು ನನಗೆ ಕೇಳಿಸಿತು. ಅದಕ್ಕೇ ತಪ್ಪು ಅಂತ ಗೊತ್ತಾಯಿತು. ನಾಳೆಯಿಂದ ನಿಲ್ಲಿಸಬೇಡಿ."

"ನಾ ಬೇಕಂತ ಮಾಡಲಿಲ್ಲ."

"ಗೊತ್ತು. ಆದರೂ ಬೇಡ. ತಪ್ಪಾದರೆ ಅದು ನನ್ನ ತಪ್ಪೇ ಆಗಿರಲಿ. ಇಲ್ಲದಿದ್ದರೆ ಪಾಸಾದದ್ದು ಯಾರು ಅಂತ ನನಗೇ ತಿಳಿಯೋದಿಲ್ಲ."

ಇಪ್ಪತ್ತೆರಡರ ಹುಡುಗಿ ಕಪಾಳಕ್ಕೆ ಹೊಡೆದಂತೆ ಹೇಳಿದಳು. ಅವಳಿಗೆ ಕಳೆದುಕೊಳ್ಳಲು ಎಲ್ಲವೂ ಇತ್ತು, ಆದರೂ ತನ್ನ ತಪ್ಪು ತನಗೆ ಬೇಕು ಅಂದಳು. ನಾನು ನೋಡಿದರೆ ಹದಿನಾಲ್ಕು ನಲವತ್ತೊಂದಾದರೆ ಆಗಲಿ ಅಂತ ಬಾಯಿ ಮುಚ್ಚಿಕೊಂಡಿದ್ದವಳು. ನಾಚಿಕೆಯಾಯಿತು. ಮುಂದಿನ ಪತ್ರಿಕೆಗಳಲ್ಲಿ ಅವಳು ಏನು ಹೇಳಿದರೂ ಪೆನ್ನು ನಿಲ್ಲಲಿಲ್ಲ. ಒಮ್ಮೆ ಒಂದು ಇಡೀ ಉತ್ತರ ಅಡ್ಡದಾರಿ ಹಿಡಿಯಿತು, ನಾನು ಕಣ್ಣಲ್ಲಿ ನೀರು ತುಂಬಿಕೊಂಡು ಅದನ್ನೂ ದುಂಡಗೆ ಬರೆದುಕೊಟ್ಟೆ.

ಫಲಿತಾಂಶ ಬಂದ ದಿನ ನಾನೇ ಹೋಗಿ ಫಲಕದ ಮೇಲೆ ಅವಳ ನಂಬರು ಹುಡುಕಿದೆ. ಸೆಕೆಂಡ್ ಕ್ಲಾಸು! ಸೈಕಲ್ ರಿಕ್ಷಾದವನಿಗೆ ಜಲ್ದಿ ಜಲ್ದಿ ಅಂತ ಜೀವ ತಿಂದು ಹಾಸ್ಟೆಲ್ ಮುಟ್ಟಿದೆ. ಅಂದು ಮೇಲ್ವಿಚಾರಕಿಯನ್ನು ಮೊದಲೇ ಕೇಳಿ ಬೇಸನ್ ಉಂಡಿ ಒಯ್ದಿದ್ದೆ. ಜೂನ್ ಮುಗಿಯುವುದರೊಳಗೆ ಅವಳು ಟೀಚರಾದಳು. ಕಳಮೇಶ್ವರದಿಂದ ಅಪ್ಪ ಹೊಸ ಅಂಗಿ ಹಾಕಿಕೊಂಡು ನೋಡಲು ಬಂದಿದ್ದ.

ಮರುವರ್ಷ ಫೆಬ್ರವರಿಯಲ್ಲಿ ಹಾಸ್ಟೆಲಿನಿಂದ ಹೇಳಿಕಳಿಸಿದರು. ಈ ಸಲ ಐದು ಹುಡುಗಿಯರು ಪರೀಕ್ಷೆಗೆ ಕೂರುತ್ತಾರೆ, ಒಬ್ಬಳನ್ನು ಬಿಟ್ಟು ಉಳಿದವರದು ಇಂಗ್ಲಿಷ್ ಮಾಧ್ಯಮ, ಬರೆಯುವವರು ಬೇಕು. ಶನಿವಾರದ ಸಭೆಯಲ್ಲಿ ನಾನು ಎದ್ದು ನಿಂತೆ.

"ನಾನು ಬಿ.ಎ. ಅಲ್ರಿ. ಫೇಲು. ಇತಿಹಾಸದಾಗ ಹದಿನಾಲ್ಕು. ಹೋದ ವರ್ಷ ಅದಕ್ಕೇ ನನ್ನ ತಗೊಂಡ್ರು. ಈ ವರ್ಷ ಐದು ಮಂದಿ ಬೇಕಾಗ್ಯಾರ. ನಮ್ಮೊಳಗ ಫೇಲಾದವರು ಯಾರರ ಇದ್ರ ದಯವಿಟ್ಟು ಹೇಳ್ರಿ."

ಎಲ್ಲರೂ ಚಕ್ಕುಲಿ ತಟ್ಟೆಯ ಕಡೆ ನೋಡಿದರು. ಅಧ್ಯಕ್ಷೆ ತಮ್ಮ ಸೆರಗು ಸರಿಮಾಡಿಕೊಂಡು, "ನೋಡೋಣ, ವಿಚಾರಿಸೋಣ," ಅಂತ ಮುಂದಿನ ಹಾಡಿಗೆ ಹೋದರು. ನಾನು ಮನೆಗೆ ಬಂದು ನಮ್ಮವರ ಮೇಲೆ ಹರಿಹಾಯ್ದೆ. ಅವರದೇನೂ ತಪ್ಪಿರಲಿಲ್ಲ.

ಮುಂದಿನ ವಾರ ಬೆಳಗಿನ ಹೊತ್ತು ವರಾಂಡದಲ್ಲಿ ಹೆಂಗಸರ ಚಪ್ಪಲಿಗಳು ಕಾಣತೊಡಗಿದವು. ಯಾರು ಬಂದಿದ್ದರು ಅಂತ ಕೇಳಿದರೆ ನಮ್ಮವರು, "ಅಟೆಸ್ಟೇಷನ್ ವಿಷಯ ಹೊರಗ ಹೇಳೂದಿಲ್ಲ," ಅಂತ ತುಟಿ ಹೊಲಿದುಕೊಂಡರು. ಹೆಂಡತಿಗೂ ಇಲ್ಲ! ಹಾಸ್ಟೆಲಿಗೆ ಹೋದಾಗ ಗೊತ್ತಾಯಿತು, ನಮ್ಮ ಗ್ರ್ಯಾಜುಯೇಟ್ ಹೆಂಗಸರಲ್ಲಿ ಮೂವರು ಹೆಸರು ಕೊಟ್ಟಿದ್ದರು. ನನ್ನನ್ನು ಹಿಡಿದು ನಾಲ್ಕು. ಹತ್ತನೆಯ ಕ್ಲಾಸಿನ ಒಬ್ಬ ಹುಡುಗಿಗೆ ಮಾತ್ರ ಯಾರೂ ಸಿಕ್ಕಿರಲಿಲ್ಲ. ಅವಳಿಗೆ ಬರೆಯುವವರು ಹತ್ತನ್ನೂ ದಾಟಿರಬಾರದಲ್ಲ.

ಒಂದು ಮಧ್ಯಾಹ್ನ ಎರಡು ಗಂಟೆಗೆ ಬಾಗಿಲು ಬಡಿಯಿತು. ಅಧ್ಯಕ್ಷೆ. ಬಿಸಿಲಲ್ಲಿ ಆಟೋದಲ್ಲಿ ಒಬ್ಬರೇ ಬಂದಿದ್ದರು. ನೀರು ಕೊಟ್ಟೆ, ಚಹಾ ಕೊಟ್ಟೆ. ಬಹಳ ಹೊತ್ತು ಬಿಸಿಲಿನ ಮಾತಾಡಿದರು. ಆಮೇಲೆ ಬ್ಯಾಗಿನಿಂದ ಒಂದು ಹಳೆಯ ಕವರು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಎಸ್ಸೆಸ್ಸೆಲ್ಸಿ," ಅಂದರು. "ಎರಡು ಸಲ ಕೂತೆ, ಎರಡು ಸಲಾನೂ ಆಗ್ಲಿಲ್ಲ. ಇಂಗ್ಲಿಷ್ ಆಮೇಲೆ ಆಫೀಸರ್ಸ್ ಮೆಸ್‌ನ ಪಾರ್ಟಿಗಳಲ್ಲಿ ಕಲಿತದ್ದು."

ನಾನು ಅವರ ಕಪ್ಪಿಗೆ ಮತ್ತಷ್ಟು ಚಹಾ ಹಾಕಿದೆ.

"ಸಹಿ ಹಾಕೋಕೆ ಗೆಜೆಟೆಡ್ ಆಫೀಸರ್ ನಮ್ಮನೇಲೇ ಇದ್ದಾರೆ. ಇಪ್ಪತ್ತು ವರ್ಷ ಆಯ್ತು, ಅವರಿಗೆ ಗೊತ್ತಿಲ್ಲ." ಅವರ ದನಿಯಲ್ಲಿ ರೇಡಿಯೋ ಇರಲಿಲ್ಲ. "ನೀವು ನಿಮ್ಮವರ ಮುಂದೆ ಹೇಗೆ ಹೋಗಿ ನಿಂತ್ರಿ?"

"ಕೈಕಾಲು ತಣ್ಣಗಾಗಿದ್ದುವ್ರಿ," ಅಂದೆ. "ಒಂದು ಹಗಲು ಮಾತಾಡಲಿಲ್ಲ. ಸಂಜಿಕೆ ಊಟಕ್ಕ ಕೂತ್ರು."

"ಅಷ್ಟೇನಾ?"

"ಅಷ್ಟ ನೋಡ್ರಿ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಹತ್ತನೇ ಕ್ಲಾಸಿನ ಹುಡುಗಿಯ ಪರೀಕ್ಷೆ ಯಾವತ್ತು ಅಂತ ಕೇಳಿ ತಿಳಿದುಕೊಂಡರು. ನಾನು ಆಟೋ ತನಕ ಹೋದೆ. ಕವರನ್ನು ಅವರು ಮತ್ತೆ ಬ್ಯಾಗಿಗೆ ಹಾಕಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಮನೆಗೆ ಹೋದರು.